ಕೂಲಂಟ್ ಬದಲಿಸಿದ ಮೇಲೆ ಎಂಜಿನ್ ಹೀಟ್ ಆದರೆ

ಕೂಲಂಟ್ ಬದಲಿಸಿಕೊಂಡು ಗ್ಯಾರೇಜಿನಿಂದ ಹೊರಬಿದ್ದ ಕಾರು ದಾವಣಗೆರೆಯಿಂದ ಹರಿಹರ ಮುಟ್ಟುವಷ್ಟರಲ್ಲಿ ಹೀಟ್ ಆಗಿ ನಿಲ್ಲುವುದುಂಟು. ‘ಹೆಡ್ ಗ್ಯಾಸ್ಕೆಟ್ ಹೋಗಿರಬೇಕು, ಹೆಡ್ ಇಳಿಸಿ ನೋಡೋಣ’ ಎಂಬ ಮಾತು ಆಗ ತಕ್ಷಣ ಬರುತ್ತದೆ. ಹೆಡ್ ಇಳಿಸುವುದು ದುಬಾರಿ ಕೆಲಸ. ನಿನ್ನೆಯವರೆಗೆ ಸರಿಯಿದ್ದ ಎಂಜಿನ್ ಸರ್ವಿಸ್ ಆದ ಮರುದಿನವೇ ಕಾಯತೊಡಗಿದರೆ ಮೊದಲು ಅನುಮಾನಿಸಬೇಕಾದದ್ದು ಒಳಗೆ ಸಿಕ್ಕಿಕೊಂಡ ಗಾಳಿಯನ್ನು. ಗ್ಯಾಸ್ಕೆಟ್ಟಿನ ಸರದಿ ಕೊನೆಯದು.

ಎಂಜಿನ್ನಿನಲ್ಲಿ ಉರಿದ ಇಂಧನದ ಶಾಖದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕೂಲಂಟಿಗೆ ಸೇರುತ್ತದೆ. ವಾಟರ್ ಪಂಪ್ ಅದನ್ನು ಬ್ಲಾಕ್ ಮತ್ತು ಹೆಡ್ಡಿನ ಸಂದುಗಳಲ್ಲಿ ಸುತ್ತಿಸುತ್ತದೆ. ದಾರಿಯಲ್ಲಿ ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲಿದೆ. ಅದರ ಹಿತ್ತಾಳೆಯ ಗುಂಡಿಯೊಳಗೆ ಮೇಣ ತುಂಬಿರುತ್ತದೆ. ಎಷ್ಟೋ ಕಾರುಗಳಲ್ಲಿ ಸುಮಾರು 82ರಿಂದ 88 ಡಿಗ್ರಿಗೆ ಈ ಮೇಣ ಕರಗಿ ಉಬ್ಬಿ ಬಾಗಿಲನ್ನು ತಳ್ಳುತ್ತದೆ. ಆಗಷ್ಟೇ ಬಿಸಿ ಕೂಲಂಟ್ ರೇಡಿಯೇಟರಿಗೆ ಹರಿಯುತ್ತದೆ. ರೇಡಿಯೇಟರ್ ಮುಚ್ಚಳ ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ ಮಾಡುತ್ತದೆ: ಒಳಗೆ ಒತ್ತಡ ಹಿಡಿದು ಕುದಿಯುವ ಬಿಂದುವನ್ನು ಮೇಲೇರಿಸುತ್ತದೆ. ಅರ್ಧ ಗ್ಲೈಕಾಲ್, ಅರ್ಧ ನೀರಿನ ಮಿಶ್ರಣ ಬಯಲಿನಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳ ಗಟ್ಟಿಯಾಗಿದ್ದರೆ 125 ಡಿಗ್ರಿಯವರೆಗೂ ಕುದಿಯುವುದಿಲ್ಲ.

ಹಳೆಯ ಕೂಲಂಟ್ ಇಳಿಸಿದಾಗ ಈ ದಾರಿಯೆಲ್ಲ ಖಾಲಿಯಾಗಿ ಗಾಳಿ ತುಂಬಿಕೊಳ್ಳುತ್ತದೆ. ಹೊಸದನ್ನು ಗಡಿಬಿಡಿಯಲ್ಲಿ ಸುರಿದರೆ ಆ ಗಾಳಿ ಹೆಡ್ಡಿನ ಎತ್ತರದ ಮೂಲೆಗಳಲ್ಲಿ, ಹೀಟರಿನ ಪೈಪುಗಳಲ್ಲಿ ಉಳಿದುಬಿಡುತ್ತದೆ. ಗಾಳಿ ಇರುವಲ್ಲಿ ಲೋಹದ ಶಾಖವನ್ನು ಎಳೆದುಕೊಳ್ಳುವವರಿಲ್ಲ. ಉಷ್ಣಾಂಶದ ಸೆನ್ಸರ್ ಆ ಗಾಳಿಯಲ್ಲಿ ಸಿಕ್ಕಿಕೊಂಡರೆ ಮುಳ್ಳು ಸುಳ್ಳು ಹೇಳುತ್ತದೆ. ಒಳಗೆ ಕುದಿಯುತ್ತಿದ್ದರೂ ಕೆಳಗೇ ನಿಂತಿದ್ದು ಆಮೇಲೆ ಒಮ್ಮೆಲೇ ಏರುತ್ತದೆ.

ಗಾಳಿ ಇದೆಯೇ ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಎಂಜಿನ್ ಬಿಸಿಯಾದ ಮೇಲೆ ಹೀಟರನ್ನು ಪೂರ್ತಿ ತಿರುಗಿಸಿ. ಬಿಸಿ ಗಾಳಿ ಬರಬೇಕಾದಲ್ಲಿ ತಣ್ಣನೆಯದು ಬಂದರೆ ಕೂಲಂಟ್ ಕಡಿಮೆಯಿದೆ, ಇಲ್ಲವೇ ಗಾಳಿ ಕಟ್ಟಿಕೊಂಡಿದೆ. ನಮ್ಮ ಊರಿನ ಬಿಸಿಲಿಗೆ ಹೀಟರ್ ಮುಟ್ಟುವವರು ವಿರಳ. ಹಾಗಾಗಿ ಈ ಸುಳಿವು ಯಾರ ಕಣ್ಣಿಗೂ ಬೀಳುವುದಿಲ್ಲ. ಗಾಳಿ ತೆಗೆಯುವ ಕೆಲಸವನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಶುರುಮಾಡಬೇಕು. ಕಾರಿನ ಮುಂಭಾಗ ತುಸು ಎತ್ತರಿಸಿ, ರೇಡಿಯೇಟರ್ ಬಾಯಿಗೆ ಆಲಿಕೆ ಇಟ್ಟು, ಹೀಟರ್ ಹಾಕಿ, ಎಂಜಿನ್ನನ್ನು ಐಡಲಿನಲ್ಲಿ ಓಡಿಸಬೇಕು. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇರುವ ಗಾಡಿಯಾದರೆ ಅದನ್ನು ಸಡಿಲಿಸಬೇಕು. ಆಲಿಕೆಯಲ್ಲಿ ಬುರುಬುರು ಗುಳ್ಳೆಗಳು ಏಳುತ್ತವೆ. ಥರ್ಮೋಸ್ಟಾಟ್ ತೆರೆದೊಡನೆ ಮಟ್ಟ ಗಕ್ಕನೆ ಇಳಿಯುತ್ತದೆ, ಮತ್ತೆ ತುಂಬಬೇಕು. ಗುಳ್ಳೆ ನಿಂತು ಫ್ಯಾನ್ ಒಂದೆರಡು ಸಲ ತಿರುಗಿ ನಿಂತ ಮೇಲೆ ಮುಚ್ಚಳ ಹಾಕಬೇಕು. ಬಿಸಿ ಎಂಜಿನ್ನಿನ ಮುಚ್ಚಳವನ್ನು ಮಾತ್ರ ಎಂದೂ ತೆರೆಯಬಾರದು.

ಗಾಳಿ ತೆಗೆದರೂ ಹೀಟ್ ನಿಲ್ಲದಿದ್ದರೆ, ಎಲ್ಲಿ ಹೀಟ್ ಆಗುತ್ತದೆ ಎಂಬುದನ್ನು ಗಮನಿಸಿ. ಪಿ.ಬಿ. ರಸ್ತೆಯ ಟ್ರಾಫಿಕ್ಕಿನಲ್ಲಿ ಏರಿ ಹೆದ್ದಾರಿಯಲ್ಲಿ ಇಳಿದರೆ ದೋಷ ಫ್ಯಾನಿನದು. ಕೆಲಸ ಮಾಡುವಾಗ ಬಿಚ್ಚಿದ ಅದರ ಕನೆಕ್ಟರ್ ಹಾಕಲು ಮರೆತಿರಬಹುದು. ಊರೊಳಗೆ ತಣ್ಣಗಿದ್ದು ಹರಿಹರದ ದಾರಿಯ ವೇಗದಲ್ಲಿ ಏರಿದರೆ ಹರಿವೇ ಸಾಲುತ್ತಿಲ್ಲ: ಥರ್ಮೋಸ್ಟಾಟ್, ಪಂಪ್ ಅಥವಾ ಕಟ್ಟಿಕೊಂಡ ರೇಡಿಯೇಟರ್. ಮೇಲಿನ ಹೋಸ್ ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ಈ ಅನುಮಾನ ಬಲವಾಗುತ್ತದೆ.

ರೇಡಿಯೇಟರ್ ಕಟ್ಟಿಕೊಳ್ಳುವುದಕ್ಕೆ ನಮ್ಮ ಕಡೆ ಬೋರ್ ನೀರೂ ಕಾರಣ. ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕೂರಿಸುವ ಸುಣ್ಣದಂಶವೇ ಇಲ್ಲಿಯೂ ಕೂರುತ್ತದೆ. ಆ ಪದರ ಶಾಖವನ್ನು ಲೋಹದಷ್ಟು ಸಲೀಸಾಗಿ ದಾಟಿಸುವುದಿಲ್ಲ. ಕೂಲಂಟಿಗೆ ಬೆರೆಸಬೇಕಾದದ್ದು ಇನ್ವರ್ಟರ್ ಬ್ಯಾಟರಿಗೆ ಹಾಕುವಂಥ ಡಿಸ್ಟಿಲ್ಡ್ ವಾಟರ್. ಎರಡು ಬೇರೆ ಬಗೆಯ ಕೂಲಂಟುಗಳನ್ನು ಬೆರೆಸಿದರೆ ಕೆಲವೊಮ್ಮೆ ಒಳಗೆ ಲೋಳೆಯಂಥ ಗಸಿ ಕಟ್ಟುತ್ತದೆ. ಬಣ್ಣ ಒಂದೇ ಎಂದ ಮಾತ್ರಕ್ಕೆ ಬಗೆ ಒಂದೇ ಆಗುವುದಿಲ್ಲ. ಮ್ಯಾನುವಲ್ ಹೇಳಿದ್ದನ್ನೇ ಹಾಕಬೇಕು.

ಸರ್ವಿಸ್ ಆದ ಮೊದಲೊಂದೆರಡು ಓಡಾಟದಲ್ಲಿ ಮಟ್ಟ ತುಸು ಇಳಿಯುವುದು ಸಹಜ. ಇಳಿಯುತ್ತಲೇ ಹೋದರೆ ಸೋರಿಕೆಯಿದೆ. ಕೈಪಂಪಿನಿಂದ ಒತ್ತಡ ಕೊಟ್ಟು ನೋಡಿದರೆ ಜಾಗ ಗೊತ್ತಾಗುತ್ತದೆ. ಹೊರಗೆಲ್ಲೂ ಸೋರದೆ ಕೂಲಂಟ್ ಮಾಯವಾಗುತ್ತಿದ್ದರೆ, ಸೈಲೆನ್ಸರಿನಲ್ಲಿ ಸಿಹಿವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆತ ಬಣ್ಣಕ್ಕೆ ತಿರುಗಿದ್ದರೆ ಗ್ಯಾಸ್ಕೆಟ್ಟಿನ ಮಾತು ಬರುತ್ತದೆ. ಆಗಲೂ ಹೆಡ್ ಬಿಚ್ಚುವ ಮುನ್ನ ಸರಳ ಪರೀಕ್ಷೆಯಿದೆ: ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುವುದು. ದಹನದ ಕಾರ್ಬನ್ ಡೈಆಕ್ಸೈಡ್ ಬೆರೆತಿದ್ದರೆ ದ್ರವ ಹಳದಿಗೆ ತಿರುಗುತ್ತದೆ.

ಹೀಟ್ ಆದ ಗಾಡಿಯನ್ನು ಹಾಗೇ ಓಡಿಸಿದರೆ ಇಲ್ಲದ ಗ್ಯಾಸ್ಕೆಟ್ ದೋಷ ನಿಜವಾಗಿಯೂ ಬರುತ್ತದೆ. ಅಲ್ಯೂಮಿನಿಯಂ ಬಿಸಿಗೆ ಬೀಡುಕಬ್ಬಿಣಕ್ಕಿಂತ ಎರಡರಷ್ಟು ಹಿಗ್ಗುತ್ತದೆ. ಬೀಡಿನ ಬ್ಲಾಕಿನ ಮೇಲಿನ 40 ಸೆಂ.ಮೀ. ಉದ್ದದ ಅಲ್ಯೂಮಿನಿಯಂ ಹೆಡ್ ಬ್ಲಾಕಿನ ಜೊತೆಗೇ 40 ಡಿಗ್ರಿ ಹೆಚ್ಚು ಕಾದರೆ ಎರಡರ ಹಿಗ್ಗಿನ ವ್ಯತ್ಯಾಸ ಸುಮಾರು 0.2 ಮಿ.ಮೀ. ಬೋಲ್ಟುಗಳು ಬಿಗಿದ ಹೆಡ್ ಅತ್ತಿತ್ತ ಸರಿಯಲಾರದೆ ಬಾಗುತ್ತದೆ. ಎಷ್ಟೋ ಎಂಜಿನ್‌ಗಳಲ್ಲಿ 0.1 ಮಿ.ಮೀ. ಬಾಗಿದರೂ ಮೈಯನ್ನು ಮೆಶೀನಿಗೆ ಕೊಟ್ಟು ಮಟ್ಟ ಮಾಡಿಸಬೇಕು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ತಯಾರಿಸಿದ ಹರಿಹರಕ್ಕೆ ಮಿಲಿಮೀಟರಿನ ನೂರನೇ ಭಾಗದ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಮುಳ್ಳು ಏರಿದೊಡನೆ ಎ.ಸಿ. ಆರಿಸಿ, ಹೀಟರ್ ಹಾಕಿ, ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿದರೆ ಆ ಖರ್ಚು ತಪ್ಪುತ್ತದೆ.

ಕೂಲಂಟ್ ಬದಲಿಸಿದವರನ್ನು ಹಣ ಕೊಡುವ ಮುನ್ನ ಮೂರು ಮಾತು ಕೇಳಿ: ಯಾವ ಕೂಲಂಟ್ ಹಾಕಿದಿರಿ, ಯಾವ ನೀರು ಬೆರೆಸಿದಿರಿ, ಫ್ಯಾನ್ ತಿರುಗುವವರೆಗೆ ಓಡಿಸಿ ಗಾಳಿ ತೆಗೆದಿರಾ? ಈ ಮೂರಕ್ಕೂ ನೇರ ಉತ್ತರ ಕೊಡುವ ಮೆಕ್ಯಾನಿಕ್ ನಿಮ್ಮ ಎಂಜಿನ್ನನ್ನು ಬಲ್ಲವರು.