ಧ್ರುವಪ್ರದೇಶದ ಮಂಜುಗಡ್ಡೆ ಮತ್ತು ಉಪಗ್ರಹಗಳ ಸಾಕ್ಷ್ಯ

ಧ್ರುವಪ್ರದೇಶದ ಮಂಜುಗಡ್ಡೆ ಕರಗುತ್ತಿದೆಯೆಂಬ ಮಾತು ಈಗ ಸರ್ವವಿದಿತವಾಗಿದೆ. ಆದರೆ ಆ ಮಾತಿಗೆ ಆಧಾರವೇನು, ಆ ಆಧಾರವು ಎಷ್ಟು ಹಿಂದಿನದು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಕೇಳುವವರು ವಿರಳ. ಇತಿಹಾಸದ ವಿದ್ಯಾರ್ಥಿಗಳು ಯಾವ ದಾಖಲೆಯ ಮುಂದೆಯೂ ಕೇಳಬೇಕಾದ ಪ್ರಶ್ನೆಗಳಿವು. ಆದುದರಿಂದ, ವಿಷಯವು ವಿಜ್ಞಾನಕ್ಕೆ ಸೇರಿದ್ದರೂ, ಆಕರವಿಮರ್ಶೆಯ ದೃಷ್ಟಿಯಿಂದ ಅದನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಮೊದಲು ಮೂಲತತ್ತ್ವವನ್ನು ತಿಳಿಯೋಣ. ಒಂದು ಮೇಲ್ಮೈಯು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲನ್ನು ಹಿಂದಿರುಗಿಸುತ್ತದೆಯೋ ಅದಕ್ಕೆ 'ಆಲ್ಬೆಡೊ' ಎಂದು ಹೆಸರು. ಬಿಳುಪು ಎಂಬರ್ಥದ ಈ ಲ್ಯಾಟಿನ್ ಪದವನ್ನು ಲ್ಯಾಂಬರ್ಟನು ಬೆಳಕಿನ ಅಳತೆಯನ್ನು ಕುರಿತ ತನ್ನ ೧೭೬೦ರ ಗ್ರಂಥದಲ್ಲಿ ಬಳಕೆಗೆ ತಂದನು. ಹೊಸದಾಗಿ ಬಿದ್ದ ಹಿಮವು ನೂರಕ್ಕೆ ೮೦ರಿಂದ ೯೦ ಪಾಲು ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ. ಹಿಮದ ಹೊದಿಕೆಯಿಲ್ಲದ ಸಮುದ್ರದ ಮಂಜುಗಡ್ಡೆ ೫೦ರಿಂದ ೭೦ ಪಾಲು. ತೆರೆದ ಕಡಲನೀರು ಆರೇಳು ಪಾಲು ಮಾತ್ರ. ಗಡ್ಡೆ ಕರಗಿದೆಡೆ ಕಪ್ಪು ನೀರು ತೆರೆದುಕೊಳ್ಳುತ್ತದೆ. ನೀರು ಬಿಸಿಲನ್ನು ಹೀರಿ ಬೆಚ್ಚಗಾಗುತ್ತದೆ. ಆ ಬಿಸಿಯಿಂದ ಇನ್ನಷ್ಟು ಗಡ್ಡೆ ಕರಗುತ್ತದೆ. ಹೀಗೆ ಪರಿಣಾಮವೇ ಮರಳಿ ಕಾರಣವಾಗುತ್ತದೆ. ಒಂದು ಕಾಲಕ್ಕೆ ಗ್ಲಾಸ್ಗೋ ನಗರದ ವಸ್ತುಸಂಗ್ರಹಾಲಯವೊಂದರಲ್ಲಿ ಕಾವಲುಗಾರನಾಗಿದ್ದು, ಸ್ವಂತ ಓದಿನಿಂದಲೇ ವಿದ್ವಾಂಸನಾದ ಜೇಮ್ಸ್ ಕ್ರೋಲನು ೧೮೭೫ರ ತನ್ನ ಗ್ರಂಥದಲ್ಲಿಯೇ ಈ ವಿಚಾರವನ್ನು ಎತ್ತಿದ್ದನು. ೧೯೬೯ರಲ್ಲಿ ಲೆನಿನ್‌ಗ್ರಾಡಿನ ಬುಡಿಕೊ, ಅಮೆರಿಕದ ಸೆಲ್ಲರ್ಸ್ ಇಬ್ಬರೂ ಬೇರೆಬೇರೆಯಾಗಿ ಇದನ್ನು ಗಣಿತಕ್ಕೆ ಅಳವಡಿಸಿದರು.

ತರ್ಕದಿಂದ ಕಂಡುಕೊಂಡುದನ್ನು ಅಳತೆಯಿಂದ ಸ್ಥಾಪಿಸಬೇಕಾದರೆ ಇಡೀ ಧ್ರುವಸಾಗರವನ್ನು ಬಿಡದೆ ನೋಡುತ್ತಿರಬೇಕು. ಹಡಗಿನವರ ದಿನಚರಿಗಳು ಹಡಗು ಹೋದ ದಾರಿಯನ್ನಷ್ಟೇ ಬಲ್ಲವು. ಉಪಗ್ರಹದ ಛಾಯಾಗ್ರಾಹಕಕ್ಕೂ ಬೆಳಕು ಬೇಕು. ಅಲ್ಲಿಯಾದರೋ ತಿಂಗಳುಗಟ್ಟಲೆ ಇರುಳು, ಬೇಸಗೆಯಲ್ಲಿ ಮೋಡ. ಈ ತೊಡಕನ್ನು ಸೂಕ್ಷ್ಮತರಂಗಗಳು ನಿವಾರಿಸಿದುವು. ಮಂಜುಗಡ್ಡೆಯೂ ನೀರೂ ತಾವಾಗಿಯೇ ಇಂತಹ ತರಂಗಗಳನ್ನು ಹೊರಸೂಸುತ್ತವೆ. ಗಡ್ಡೆ ಹೆಚ್ಚು, ನೀರು ಕಡಮೆ. ಅವುಗಳಿಗೆ ಕತ್ತಲೆಯೂ ಮೋಡವೂ ಅಷ್ಟಾಗಿ ಅಡ್ಡಿಯಾಗವು. ೧೯೭೮ರ ಅಕ್ಟೋಬರಿನಲ್ಲಿ ಹಾರಿದ 'ನಿಂಬಸ್-೭' ಉಪಗ್ರಹದಿಂದ ಈ ದಾಖಲೆಯ ಅವಿಚ್ಛಿನ್ನ ಪರಂಪರೆ ಮೊದಲಾಗುತ್ತದೆ. ೧೯೮೭ರಲ್ಲಿ ಆ ಕೆಲಸವು ಅಮೆರಿಕದ ಸೈನಿಕ ಹವಾಮಾನ ಉಪಗ್ರಹಗಳಿಗೆ ಹಸ್ತಾಂತರವಾಯಿತು. ಹಳೆಯ ಉಪಕರಣವೂ ಹೊಸದೂ ಕೆಲವು ವಾರ ಒಟ್ಟಿಗೆ ಅಳೆದುದರಿಂದ, ಒಂದರ ಲೆಕ್ಕವನ್ನು ಇನ್ನೊಂದರೊಡನೆ ಸರಿತೂಗಿಸಲು ಸಾಧ್ಯವಾಯಿತು.

ಈ ಸಾಕ್ಷಿಗೂ ದೋಷಗಳುಂಟು. ಉಪಗ್ರಹದ ಪಥವು ಧ್ರುವಬಿಂದುವಿನ ನೇರ ಮೇಲೆ ಹಾಯದುದರಿಂದ ಅಲ್ಲಿ ಒಂದು ವೃತ್ತ ಕಾಣದೆ ಉಳಿಯುತ್ತದೆ. ಬೇಸಗೆಯಲ್ಲಿ ಗಡ್ಡೆಯ ಮೇಲೆ ನಿಂತ ಕರಗುನೀರಿನ ಹೊಂಡಗಳು ತೆರೆದ ಕಡಲೆಂಬ ಭ್ರಮೆಯನ್ನು ಹುಟ್ಟಿಸುತ್ತವೆ. ಸವೆದ ಅಕ್ಷರಗಳುಳ್ಳ ಶಾಸನವನ್ನು ನಾವು ತಳ್ಳಿಹಾಕುವುದಿಲ್ಲ. ಸವೆತ ಎಲ್ಲಿದೆಯೆಂದು ಗುರುತಿಸಿ ಓದುತ್ತೇವೆ. ಇಲ್ಲಿಯೂ ಕ್ರಮ ಅದೇ.

ದಾಖಲೆ ಏನು ಹೇಳುತ್ತದೆ? ಉತ್ತರಧ್ರುವಸಾಗರದಲ್ಲಿ ೧೯೮೦ರ ಸೆಪ್ಟೆಂಬರಿನಲ್ಲಿ ೭೫ ಲಕ್ಷ ಚದರ ಕಿಲೋಮೀಟರಿಗೂ ಮಿಗಿಲಾಗಿದ್ದ ಮಂಜುಗಡ್ಡೆ, ೨೦೧೨ರ ಸೆಪ್ಟೆಂಬರಿನಲ್ಲಿ ಸುಮಾರು ೩೪ ಲಕ್ಷಕ್ಕೆ ಇಳಿಯಿತು. ದಕ್ಷಿಣದ ಕಥೆ ಬೇರೆ. ಅಲ್ಲಿ ೨೦೧೪ರ ಸೆಪ್ಟೆಂಬರಿನಲ್ಲಿ ಗಡ್ಡೆ ೨ ಕೋಟಿ ಚದರ ಕಿಲೋಮೀಟರನ್ನು ಮೀರಿ ಬೆಳೆದಿತ್ತು. ೨೦೨೩ರ ಫೆಬ್ರವರಿಯಲ್ಲಿ, ಬೇಸಗೆಯ ಕನಿಷ್ಠ ಮಟ್ಟದಲ್ಲಿ, ೧೮ ಲಕ್ಷದಷ್ಟೂ ಉಳಿಯಲಿಲ್ಲ. ಅದೇ ವರ್ಷದ ಚಳಿಗಾಲದ ಗರಿಷ್ಠವೂ ೧ ಕೋಟಿ ೭೦ ಲಕ್ಷವನ್ನು ಮುಟ್ಟಲಿಲ್ಲ. ೨೦೧೪ರಲ್ಲಿಯೇ ದಾಖಲೆ ನಿಂತಿದ್ದರೆ, ದಕ್ಷಿಣದಲ್ಲಿ ಗಡ್ಡೆ ಬೆಳೆಯುತ್ತಿದೆಯೆಂದೇ ನಾವು ಬರೆದಿಡುತ್ತಿದ್ದೆವು.

ವಿಸ್ತೀರ್ಣದ ಅಳತೆ ಒಂದು. ಪ್ರತಿಫಲನದ ಅಳತೆ ಇನ್ನೊಂದು. ೧೯೯೯ರ 'ಟೆರ್ರಾ', ೨೦೦೨ರ 'ಆಕ್ವಾ' ಉಪಗ್ರಹಗಳ ಉಪಕರಣಗಳು ಭೂಮಿಯಿಂದ ಮರಳುವ ಬೆಳಕನ್ನೇ ನೇರವಾಗಿ ಅಳೆದುವು. ಪಿಸ್ಟೋನ್, ಐಸೆನ್‌ಮನ್, ರಾಮನಾಥನ್ ಈ ಮೂವರು ಎರಡು ಬಗೆಯ ದಾಖಲೆಗಳನ್ನೂ ಕೂಡಿಸಿ, ಉತ್ತರಧ್ರುವಸಾಗರ ಪ್ರದೇಶದ ಆಲ್ಬೆಡೊ ೧೯೭೯ರಿಂದ ೨೦೧೧ರ ವೇಳೆಗೆ ನೂರಕ್ಕೆ ೫೨ರಿಂದ ೪೮ಕ್ಕೆ ಇಳಿದಿದೆಯೆಂದು ೨೦೧೪ರಲ್ಲಿ ತೋರಿಸಿದರು. ಇವರಲ್ಲಿ ವೀರಭದ್ರನ್ ರಾಮನಾಥನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವ್ಯಾಸಂಗ ಮಾಡಿದವರೆಂಬುದು ನಮಗೆ ಸಂತೋಷದ ವಿಷಯ.

ಕೊನೆಯದಾಗಿ ಒಂದು ಮಾತು. ೧೯೬೪ರಲ್ಲಿ ಒಂದು ತಿಂಗಳೂ ತುಂಬ ಬಾಳದ 'ನಿಂಬಸ್-೧' ಉಪಗ್ರಹದ ಚಿತ್ರಸುರುಳಿಗಳು ದಶಕಗಳ ಕಾಲ ಕಡೆಗಣಿಸಲ್ಪಟ್ಟಿದ್ದುವು. ಅವನ್ನು ಹುಡುಕಿ ತೆಗೆದು ಓದಿದ ವಿದ್ವಾಂಸರು, ಆ ವರ್ಷದ ಸೆಪ್ಟೆಂಬರಿನಲ್ಲಿ ಉತ್ತರದ ಗಡ್ಡೆ ಸುಮಾರು ೬೯ ಲಕ್ಷ ಚದರ ಕಿಲೋಮೀಟರು ಇದ್ದಿತೆಂದು ೨೦೧೩ರಲ್ಲಿ ಪ್ರಕಟಿಸಿದರು. ಅಂದರೆ ೨೦೧೨ರಲ್ಲಿದ್ದುದರ ಹೆಚ್ಚುಕಡಮೆ ಎರಡರಷ್ಟು. ಯಾರೋ ಎಸೆಯದೆ ಇಟ್ಟುದರಿಂದ ನಮ್ಮ ತಿಳಿವು ಹದಿನಾಲ್ಕು ವರ್ಷ ಹಿಂದಕ್ಕೆ ಚಾಚಿತು. ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ೨೦೨೫ರಲ್ಲಿ ಸೈನಿಕ ಉಪಗ್ರಹಗಳ ಮಾಹಿತಿಯನ್ನು ನಿಲ್ಲಿಸಲಾಗುವುದೆಂಬ ಪ್ರಕಟಣೆ ಹೊರಟು, ಬಳಿಕ ಅದನ್ನು ಮುಂದೂಡಲಾಯಿತು. ಕಳೆದುಹೋದ ಗ್ರಂಥದ ಇನ್ನೊಂದು ಪ್ರತಿ ಎಲ್ಲಿಯಾದರೂ ಸಿಕ್ಕೀತು. ಅಳೆಯದೆ ಬಿಟ್ಟ ಬೇಸಗೆಗೆ ಪ್ರತಿಯೆಂಬುದೇ ಇಲ್ಲ. ದಾಖಲೆಯ ಸರಪಳಿ ಕಡಿಯದಂತೆ ಕಾಯುವುದು ವಿಜ್ಞಾನಿಗಳಿಗೆ ಮಾತ್ರ ಸೇರಿದ ಕಾರ್ಯವಲ್ಲ. ಅದರ ಬೆಲೆಯನ್ನು ಬಲ್ಲ ಇತಿಹಾಸದ ವಿದ್ಯಾರ್ಥಿಗಳೂ ಅದಕ್ಕಾಗಿ ದನಿಯೆತ್ತಬೇಕೆಂಬುದು ನಮ್ಮ ಅಭಿಪ್ರಾಯ.