ಮದುವೆ ವಿಡಿಯೊ ಮೂಲೆಗೆ, ಆಟ ನಡುಮನೆಗೆ

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಎಲ್ಲರೂ ಜೋರಾಗಿಯೇ ಮಾತಾಡುತ್ತಾರೆ. ಜಗಳವೇನಲ್ಲ, ಪಕ್ಕದ ಕೋಣೆಯ ನಾಲ್ಕು ಪವರ್‌ಲೂಮ್‌ಗಳ ಸದ್ದು ದಾಟಿ ಮಾತು ಕಿವಿಗೆ ತಲುಪಬೇಕಲ್ಲ. ಕಳೆದ ತಿಂಗಳು ಚಿಕ್ಕಪ್ಪ ಫೋನಿನಲ್ಲೂ ಅದೇ ದನಿಯಲ್ಲಿ ಕೂಗಿದರು: 'ಕಂಪ್ಯೂಟರ್ ಸತ್ತಂಗೆ ಆಡ್ತಾ ಐತೆ, ಒಂದ್ಸಲ ಬಂದು ನೋಡೋ.'

ಎರಡು ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಟ್ಟಿಸಿ ತಂದ ಯಂತ್ರ ಅದು. 256 ಜಿಬಿಯ ಎಸ್‌ಎಸ್‌ಡಿ ಒಂದು, 1 ಟಿಬಿಯ ಹಾರ್ಡ್ ಡಿಸ್ಕ್ ಒಂದು. ಮಧ್ಯಮ ವರ್ಗದ ಮನೆಯ ಕಂಪ್ಯೂಟರ್ ಎಂದರೆ ಬಹುಪಾಲು ಇದೇ ಜೋಡಿ. ತೆರೆದು ನೋಡಿದರೆ ಸಿ ಡ್ರೈವ್‌ನ ಗೆರೆ ಕೆಂಪಗಾಗಿತ್ತು. ಡೆಸ್ಕ್‌ಟಾಪ್ ಮೇಲೆ 'ಅಕ್ಕನ ಮದುವೆ' ಎಂಬ ಫೋಲ್ಡರ್, 112 ಜಿಬಿ. ಚಿಕ್ಕಪ್ಪನ ಮಗ ಆಡುವ ಆಟಗಳೆಲ್ಲ ಡಿ ಡ್ರೈವ್‌ನಲ್ಲಿ, ಅಂದರೆ ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ.

'ಬೆಲೆಬಾಳೋದು ಒಳ್ಳೆ ಡಿಸ್ಕಲ್ಲಿರಲಿ ಅಂತ ನಾನೇ ಹಾಕಿಸ್ದೆ' ಎಂದರು ಚಿಕ್ಕಮ್ಮ. 'ಆಟ ಎಲ್ಲಿದ್ರೇನು?'

ಈ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಚಿನ್ನ ಬೀರುವಿನಲ್ಲಿ, ಪೊರಕೆ ಹಿತ್ತಲಲ್ಲಿ ಇಡುವ ಜನ ನಾವು. ಆದರೆ ಡಿಸ್ಕ್‌ಗೆ ಬೆಲೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎರಡೇ: ಎಷ್ಟು ಸಲ ಕೇಳುತ್ತಾರೆ, ಒಂದೇ ಕಡೆಯಿಂದ ಕೇಳುತ್ತಾರೋ ಹತ್ತು ಕಡೆಯಿಂದಲೋ.

ಹಾರ್ಡ್ ಡಿಸ್ಕ್‌ನ ಒಳಗೆ ಕನ್ನಡಿಯಂಥ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಸೆಕೆಂಡಿಗೆ 120. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡು ಕಾಯಬೇಕು. ಮುಳ್ಳು ಸರಿಯಾದ ಗೆರೆಗೆ ಸರಿಯಲು ಅದರ ಎರಡರಷ್ಟು ಹೊತ್ತು. ಹೀಗೆ ಒಂದು ಸೆಕೆಂಡಿನಲ್ಲಿ ನೂರು ಬೇರೆ ಬೇರೆ ಜಾಗ ಮುಟ್ಟಿದರೆ ಅದೇ ಹೆಚ್ಚು. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಅದೇ ಸೆಕೆಂಡಿನಲ್ಲಿ ಹತ್ತಾರು ಸಾವಿರ ಜಾಗ ಮುಟ್ಟಿ ಬರುತ್ತದೆ.

ಚಿಕ್ಕಪ್ಪನಿಗೆ ಇದನ್ನು ಮಗ್ಗದ ಮಾತಿನಲ್ಲೇ ಹೇಳಿದೆ. ಬೀಮಿಗೆ ಸುತ್ತಿದ ಹಾಸು ಒಂದೇ ಸಮನೆ ಬಿಚ್ಚಿಕೊಳ್ಳುತ್ತದೆ, ಯಾರೂ ಅದಕ್ಕೆ ಓಡಾಡಬೇಕಿಲ್ಲ. ಮದುವೆ ವಿಡಿಯೊ ಆ ಜಾತಿಯದು. ಒಂದೇ ಉದ್ದನೆಯ ಫೈಲು, ಧಾರೆಯಿಂದ ಆರತಕ್ಷತೆವರೆಗೆ ಸಾಲಾಗಿ ಓದಿದರಾಯಿತು. ಹಾಗೆ ಸಾಲಾಗಿ ಓದುವಾಗ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು ಎಂಬಿಗೂ ಹೆಚ್ಚು ಕೊಡುತ್ತದೆ, 4ಕೆ ವಿಡಿಯೊ ಕೇಳುವುದು ಹತ್ತು ಹದಿನೈದು. ಎಸ್‌ಎಸ್‌ಡಿಯಲ್ಲಿಟ್ಟರೆ ಮದುಮಗಳು ಬೇಗ ಹಸೆಮಣೆ ಏರುವುದಿಲ್ಲ. ಆಟದ್ದು ಹಾಗಲ್ಲ. ಅದು ಬಣ್ಣಬಣ್ಣದ ಕಂಡಿಕೆಗಳನ್ನು ಹತ್ತು ಮೂಲೆಯಿಂದ ಹೆಕ್ಕಿ ತರುವ ಕೆಲಸ. ಒಂದು ಬೀದಿ ತೋರಿಸಲು ಗೋಡೆ, ಮರ, ನೆರಳು, ಹೆಜ್ಜೆ ಸದ್ದು ಎಲ್ಲ ಚೂರುಚೂರಾಗಿ ಬರಬೇಕು.

ಆಟ ಮಾಡುವವರು ಈ ಓಡಾಟ ತಪ್ಪಿಸಲು ಹೂಡಿದ ಉಪಾಯ ನಗು ತರಿಸುತ್ತದೆ. ಒಂದೇ ವಸ್ತುವನ್ನು ಹಾರ್ಡ್ ಡಿಸ್ಕ್‌ನ ಹತ್ತಾರು ಕಡೆ ನಕಲು ಮಾಡಿ ಇಟ್ಟುಬಿಡುವುದು, ಮುಳ್ಳು ಎಲ್ಲಿದ್ದರೂ ಪಕ್ಕದಲ್ಲೇ ಸಿಗಲಿ ಎಂದು. 2018ರ 'ಸ್ಪೈಡರ್‌ಮ್ಯಾನ್' ಆಟದಲ್ಲಿ ಕೆಲವು ತುಣುಕುಗಳು 400 ಸಲ ನಕಲಾಗಿದ್ದವು ಎಂದು ಪ್ಲೇಸ್ಟೇಷನ್ 5ರ ಶಿಲ್ಪಿ ಮಾರ್ಕ್ ಸರ್ನಿ 2020ರ ಮಾರ್ಚ್‌ನಲ್ಲಿ ಹೇಳಿದ್ದರು. ಸ್ವೀಡನ್ನಿನ ಆರೋಹೆಡ್ ಕಂಪನಿಯವರದು ಇನ್ನೂ ಚೆನ್ನಾಗಿದೆ. ಅವರ 'ಹೆಲ್‌ಡೈವರ್ಸ್ 2' ಕಂಪ್ಯೂಟರಿನಲ್ಲಿ 154 ಜಿಬಿ ನುಂಗುತ್ತಿತ್ತು. 2025ರ ಡಿಸೆಂಬರ್‌ನಲ್ಲಿ ನಕಲುಗಳನ್ನು ಕಿತ್ತು ಹಾಕಿದಾಗ ಉಳಿದದ್ದು 23 ಜಿಬಿ. ಹಾರ್ಡ್ ಡಿಸ್ಕ್‌ನವರಿಗೆ ಇದರಿಂದ ಆದ ತಡವೋ, ಕೆಲವೇ ಸೆಕೆಂಡು.

ಎಲ್ಲರೂ ಹಾಗೆ ಕಿತ್ತು ಕೊಡುವುದಿಲ್ಲ. 'ರೆಡ್ ಡೆಡ್ ರಿಡೆಂಪ್ಷನ್ 2' ಇಂದಿಗೂ 150 ಜಿಬಿ ಜಾಗ ಕೇಳುತ್ತದೆ. 'ಸೈಬರ್‌ಪಂಕ್ 2077' ಆಟದವರು 2023ರಲ್ಲಿ ಹಾರ್ಡ್ ಡಿಸ್ಕ್‌ಗೆ ಕೈಮುಗಿದು ಎಸ್‌ಎಸ್‌ಡಿಯನ್ನೇ ಕನಿಷ್ಠ ಅಗತ್ಯ ಎಂದು ಬರೆದರು. ತಮ್ಮನ ಬಳಿ ಇವೆರಡೂ ಇದ್ದವು. ಅಂಗಡಿಯವನ 256 ಜಿಬಿ ವಿಂಡೋಸ್ ಲೆಕ್ಕದಲ್ಲಿ 238. ಮೋಸವಲ್ಲ, ತಯಾರಕರು ಸಾವಿರದ ಲೆಕ್ಕದಲ್ಲೂ ವಿಂಡೋಸ್ 1024ರ ಲೆಕ್ಕದಲ್ಲೂ ಎಣಿಸುತ್ತಾರೆ. ಆ 238ರಲ್ಲಿ ವಿಂಡೋಸ್ ತನ್ನ ಪಾಲು ತಿಂದ ಮೇಲೆ ಎರಡು ದೊಡ್ಡ ಆಟ ಹಿಡಿಸುವ ಮಾತೇ ಇಲ್ಲ.

'ಅಂದ್ರೆ ಮದುವೆನ ಮೂಲೆಗೆ ಹಾಕಿ, ಆಟಾನ ನಡುಮನೆಗೆ ತರ್ತೀಯ?' ಚಿಕ್ಕಮ್ಮನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಜಗುಲಿಯಿಂದ ತಾತ ಕೊಟ್ಟರು. 'ಹಗೇವಲ್ಲಿ ರಾಗಿ ಇಡ್ತಿದ್ವಲ್ಲ, ರಾಗಿ ಮುಖ್ಯ ಅಲ್ಲ ಅಂತಲಾ? ದಿನಾ ತೆಗೆಯೋದು ಒಲೆ ಪಕ್ಕದ ಡಬ್ಬದಲ್ಲಿ, ವರ್ಷಕ್ಕೊಂದ್ಸಲ ತೆಗೆಯೋದು ನೆಲದೊಳಗೆ.' ಈ ಸೀಮೆಯ ಹಗೇವುಗಳಲ್ಲಿ ರಾಗಿ ವರ್ಷಗಟ್ಟಲೆ ಹುಳ ಬೀಳದೆ ಉಳಿಯುತ್ತಿತ್ತು. ತಾತನ ಮುಂದೆ ನನ್ನ ಮಿಲಿಸೆಕೆಂಡು ಲೆಕ್ಕ ದಂಡವಾಯಿತು.

ಕೆಲಸ ಶುರುವಾಯಿತು. ಡೆಸ್ಕ್‌ಟಾಪ್ ಎಂಬುದು ಸಿ ಡ್ರೈವ್‌ನದೇ ಒಂದು ಫೋಲ್ಡರು. ಕಣ್ಣೆದುರು ಇರಲಿ ಎಂದು ಅಲ್ಲಿ ಹಾಕಿದ್ದೆಲ್ಲ ಎಸ್‌ಎಸ್‌ಡಿಯ ಹೊಟ್ಟೆಗೇ ಹೋಗುತ್ತದೆ. ಮದುವೆ ಡಿ ಡ್ರೈವ್‌ಗೆ ಹೋಗಲು ಕಾಲು ಗಂಟೆ ಹಿಡಿಯಿತು. ಕಣ್ಣೆದುರು ಒಂದು ಶಾರ್ಟ್‌ಕಟ್ ಇಟ್ಟೆ, ಚಿಕ್ಕಮ್ಮನಿಗೆ ಏನೂ ಬದಲಾದಂತೆ ಕಾಣಲಿಲ್ಲ. ಸ್ಟೀಮ್‌ನಲ್ಲಿ ಆಟದ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋದರೆ ಇನ್ನೊಂದು ಡ್ರೈವ್‌ಗೆ ಸಾಗಿಸುವ ಗುಂಡಿಯೇ ಇದೆ. ಅಳಿಸಿ ಮತ್ತೆ ಡೌನ್‌ಲೋಡ್ ಮಾಡುವ ಗೋಳು ಬೇಡ, ಫೋಲ್ಡರನ್ನು ಕೈಯಾರೆ ಎಳೆದು ಹಾಕಿ ಆಟ ಕಳೆದುಕೊಳ್ಳುವುದೂ ಬೇಡ. ತಮ್ಮ ಈಗ ಆಡುತ್ತಿರುವ ಸೈಬರ್‌ಪಂಕ್ ಎಸ್‌ಎಸ್‌ಡಿಗೆ ಬಂತು. ಒಮ್ಮೆ ಮುಗಿಸಿರುವ ರೆಡ್ ಡೆಡ್ ಡಿಯಲ್ಲೇ ಉಳಿಯಿತು. ಎಸ್‌ಎಸ್‌ಡಿಯಲ್ಲಿ ಐವತ್ತು ಜಿಬಿಯಷ್ಟು ಖಾಲಿ ಬಿಟ್ಟೆ. ಕಂಠಮಟ್ಟ ತುಂಬಿದರೆ ಅದಕ್ಕೂ ಬರೆಯುವಾಗ ಉಸಿರು ಕಟ್ಟುತ್ತದೆ.

ಇಲ್ಲಿ ನನ್ನದೇ ಒಂದು ದಡ್ಡತನ ಹೇಳಬೇಕು. ಹಿಂದೆ ನನ್ನ 40 ಜಿಬಿಯ ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಮೂರು ಹೋಳು ಮಾಡಿ, ಆಟಗಳನ್ನು ಇ ಡ್ರೈವ್‌ಗೆ ಹಾಕಿ, ವೇಗ ಬಂತು ಎಂದು ವರ್ಷಗಟ್ಟಲೆ ನಂಬಿದ್ದೆ. ಅಕ್ಷರ ಬದಲಾದರೆ ಡಿಸ್ಕ್ ಬದಲಾಗುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಯಾವ ಅಕ್ಷರ ಯಾವ ಬಗೆಯ ಡಿಸ್ಕ್ ಮೇಲಿದೆ ಎಂದು ಈಗ ವಿಂಡೋಸೇ ಹೇಳುತ್ತದೆ. ಮೊದಲು ಅದನ್ನು ನೋಡಿ, ಆಮೇಲೆ ಸಾಮಾನು ಸಾಗಿಸಿ.

ಉಳಿದದ್ದು ಚಿಕ್ಕಪ್ಪನ ಫೋಲ್ಡರ್. ಸೀರೆಯ ಅಂಚು, ಸೆರಗು, ಬುಟ್ಟಾಗಳ ಡಿಸೈನ್ ಫೈಲುಗಳು. ಪೆನ್ ಡ್ರೈವ್‌ಗೆ ಹಾಕಿ ಎಲೆಕ್ಟ್ರಾನಿಕ್ ಜಕಾರ್ಡ್‌ಗೆ ಸಿಕ್ಕಿಸಿದರೆ ಮಗ್ಗ ನೇಯುತ್ತದೆ. ಮೊದಲು ಗ್ರಾಫ್ ಕಾಗದದ ಮೇಲೆ ಬರೆದು, ರಟ್ಟಿಗೆ ತೂತು ಹೊಡೆದು, ದಾರದಲ್ಲಿ ಪೋಣಿಸಿ ಏರಿಸುತ್ತಿದ್ದರು. ಆ ರಟ್ಟಿನ ಸರಗಳು ಅಟ್ಟದ ಮೇಲೆ ಈಗಲೂ ಇವೆ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ಹೊಂದಿಸಿದ ಈ ತೂತುರಟ್ಟಿನ ಜಾಡಿನಲ್ಲೇ ಅಮೆರಿಕದ ಹಾಲೆರಿತ್‌ನ ಕಾರ್ಡುಗಳು ಬಂದು 1890ರಲ್ಲಿ ಅಲ್ಲಿನ ಜನಗಣತಿ ಎಣಿಸಿದವು, ಆಮೇಲೆ ಕಂಪ್ಯೂಟರಿನ ಹೊಟ್ಟೆಗೂ ಹೋದವು. ಈ ಮನೆಯ ಮೊದಲ ಡಿಸ್ಕ್ ಅಟ್ಟದಲ್ಲಿದೆ ಎಂದರೆ ತಪ್ಪಲ್ಲ.

ಆ ಫೋಲ್ಡರ್ ಎಷ್ಟಿತ್ತು ಅಂತೀರಿ? ಒಂದು ಜಿಬಿಯೂ ಇಲ್ಲ. ಇಡೀ ಮನೆಯ ಅನ್ನ ಒಂದು ಆಟದ ನೂರನೇ ಪಾಲಿನಲ್ಲಿ ಕೂತಿತ್ತು. ಅದಕ್ಕೆ ವೇಗದ ಪ್ರಶ್ನೆಯೇ ಇಲ್ಲ, ಪ್ರತಿಯದ್ದೇ ಪ್ರಶ್ನೆ. ಎರಡೂ ಡಿಸ್ಕ್‌ನಲ್ಲಿ ಒಂದೊಂದು, ಬೀರುವಿನ ಪೆನ್ ಡ್ರೈವ್‌ನಲ್ಲಿ ಇನ್ನೊಂದು ಹಾಕಿದೆ.

ಮದುವೆಗೂ ಇನ್ನೊಂದು ಪ್ರತಿ ಬೇಕಿತ್ತು. ಅದಕ್ಕೆ ಹೊಸ ಎಸ್‌ಎಸ್‌ಡಿ ತರೋಣವೆಂದ ತಮ್ಮ. ಬೇಡವೆಂದೆ. ಸವೆದ ಎಸ್‌ಎಸ್‌ಡಿ ಕರೆಂಟಿಲ್ಲದೆ 30 ಡಿಗ್ರಿ ಸೆಖೆಯಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಟ್ಟುಕೊಂಡರೆ ಸಾಕು ಎನ್ನುತ್ತದೆ ಚಿಪ್ ಉದ್ಯಮದ ಜೆಡೆಕ್ ಮಾನದಂಡ. ಬೀರುವಿನಲ್ಲಿ ಮಲಗಿಸಿ ಮರೆಯುವ ವಸ್ತುವಲ್ಲ ಅದು. ಹೊರಗಿಡುವ ಹಾರ್ಡ್ ಡಿಸ್ಕ್ ತಂದು ತುಂಬಿಸಿದೆವು. ಅದು ನೆಲಮಂಗಲಕ್ಕೆ, ಮದುಮಗಳ ಮನೆಗೇ ಹೋಯಿತು.

ಕೊನೆಗೆ ಕಂಡದ್ದು, ಮೊದಲೇ ಕಾಣಬೇಕಿದ್ದ ಸಂಗತಿ. ಕ್ಯಾಬಿನೆಟ್ ಇದ್ದದ್ದು ಮಗ್ಗದ ಕೋಣೆಯ ಗೋಡೆಗೆ ಒತ್ತಿದ ಕಡಪ ಕಲ್ಲಿನ ಮೇಲೆ. ಕೈಯಿಟ್ಟರೆ ಕಲ್ಲು ಜುಮ್ಮೆನ್ನುತ್ತಿತ್ತು. ಹಾರ್ಡ್ ಡಿಸ್ಕ್‌ನ ಮುಳ್ಳು ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತದೆ, ಅಲುಗಿದರೆ ಗೆರೆ ತಪ್ಪಿ ಮತ್ತೆ ಹುಡುಕಬೇಕು. 2008ರ ಕೊನೆಯಲ್ಲಿ ಸನ್ ಮೈಕ್ರೊಸಿಸ್ಟಮ್ಸ್‌ನ ಎಂಜಿನಿಯರ್ ಬ್ರೆಂಡನ್ ಗ್ರೆಗ್ ಡಿಸ್ಕ್‌ಗಳ ಸಾಲಿನ ಮುಂದೆ ನಿಂತು ಕಿರುಚಿದಾಗ ಅವು ತಡವರಿಸಿದ್ದು ಗ್ರಾಫ್‌ನಲ್ಲೇ ಕಂಡಿತ್ತು. ಇಲ್ಲಿ ನಾಲ್ಕು ಮಗ್ಗ ದಿನಕ್ಕೆ ಹತ್ತು ಗಂಟೆ ಕಿರುಚುತ್ತವೆ. ಒಳಗಿನ ನೂಲಿನ ಧೂಳು ಊದಿ, ಕ್ಯಾಬಿನೆಟ್ಟನ್ನು ಜಗುಲಿ ಕಡೆಯ ಕೋಣೆಗೆ ಸಾಗಿಸಿ, ಅಡಿಗೆ ರಬ್ಬರ್ ಹಾಸಿದೆವು.

ಸಂಜೆ ಮದುವೆ ವಿಡಿಯೊ ಹಾಕಿ ಪರೀಕ್ಷೆ ನಡೆದಿತ್ತು. ಧಾರೆಯ ಹೊತ್ತಿಗೆ ಕರೆಂಟು ಹೋಯಿತು. ಮಗ್ಗಗಳು ಒಟ್ಟಿಗೆ ನಿಂತವು, ಯುಪಿಎಸ್ ಮೇಲೆ ಕಂಪ್ಯೂಟರ್ ಮಾತ್ರ ಉಳಿಯಿತು. ಮೊದಲ ಬಾರಿಗೆ ಆ ಮನೆಯಲ್ಲಿ ಹಾರ್ಡ್ ಡಿಸ್ಕ್‌ನ ಸಣ್ಣ ಕಟಕಟ ಕೇಳಿಸಿತು. ತಾತ ಜಗುಲಿಯಿಂದ ಕೂಗಿದರು: 'ಇನ್ನೊಂದು ನಿಂತಿಲ್ಲ ನೋಡ್ರೋ, ಒಳಗೆ.'