ಸೇಫ್ಟಿ ಲಿವರ್ ಸವೆದ ರೈಫಲ್: ಲೇತ್ ಅಂಗಡಿಗೆ ಒಯ್ಯಬೇಡಿ

ಹೇಮಗಿರಿ ಸುತ್ತ ನಾಲೆ ನೀರು ಹತ್ತದ ಹೊಲಗಳಲ್ಲಿ ರಾಗಿ ತೆನೆ ಕಟ್ಟುವ ಹೊತ್ತಿಗೆ ಹಂದಿ ಕಾಟ ಶುರು. ಬೆಳೆ ಕಾಯಲಿಕ್ಕೆ ಲೈಸೆನ್ಸ್ ಪಡೆದ ಕೋವಿ ಕೆಲವರ ಮನೇಲಿದೆ. ನಳಿಗೆ ಬಾಯಿಂದ ಮದ್ದು ತುಂಬೋ ಕೋವಿಗೆ ಸೇಫ್ಟಿ ಲಿವರ್ ಇರೋದಿಲ್ಲ. ಈ ಮಾತು .315 ರೈಫಲ್ ಇರೋರಿಗೆ.

ಬಂಗಾಳದ ಈಶಾಪುರ ಕಾರ್ಖಾನೆಯ ಈ ರೈಫಲ್ ಬ್ರಿಟಿಷರ ಕಾಲದ ಲೀ-ಎನ್‌ಫೀಲ್ಡ್ ಮಾದರಿಯದು. ಲಿವರ್ ಎಡಗಡೆ, ಬೋಲ್ಟಿನ ಹಿಂಭಾಗದಲ್ಲಿದೆ. ಹಿಂದಕ್ಕೆ ತಿರುಗಿಸಿದರೆ ಸೇಫ್, ಮುಂದಕ್ಕೆ ತಳ್ಳಿದರೆ ಫೈರ್. ಹಿಂದಿದ್ದಾಗ ಅದು ಎರಡು ಕೆಲಸ ಮಾಡ್ತದೆ: ಸೂಜಿ ಎಳೆದಿಟ್ಟ ಕಾಕಿಂಗ್ ಪೀಸನ್ನು ಹಿಡಿದಿಡ್ತದೆ, ಬೋಲ್ಟ್ ಹಿಡಿ ಏಳದಂತೆ ಬೀಗ ಹಾಕ್ತದೆ. ವರ್ಷಗಟ್ಟಲೆ ತಿರುಗಿಸಿ ಅಂಚು ಸವೆದರೆ ಲಿವರ್ ತಿರುಗ್ತದೆ, ಹಿಡಿತ ಮಾತ್ರ ಇರೋಲ್ಲ. ಹೊರಗಿಂದ ನೋಡಿದರೆ ಗೊತ್ತಾಗದು.

ಪರೀಕ್ಷೆ ಹೀಗೆ

ತೋಟಾಗಳನ್ನು ಬೇರೆ ಕೋಣೇಲಿಡಿ. ಮ್ಯಾಗಜಿನ್ ತೆಗೆದು, ಬೋಲ್ಟ್ ಎಳೆದು, ನಳಿಗೆ ಬುಡ ಖಾಲಿಯೇ ಅಂತ ಕಣ್ಣಿಂದಲೂ ಬೆರಳಿಂದಲೂ ನೋಡಿ. ಮಣ್ಣಿನ ದಿಬ್ಬದ ಕಡೆ ಮುಖ ಮಾಡಿ ಬೋಲ್ಟ್ ಮುಚ್ಚಿ, ಲಿವರ್ ಹಿಂದಕ್ಕಿಡಿ. ಬೋಲ್ಟ್ ಹಿಡಿ ಏಳಬಾರದು. ಟ್ರಿಗರ್ ಎಳೆದು ಬಿಡಿ; ಆಮೇಲೆ ಲಿವರ್ ಮೆಲ್ಲಗೆ ಮುಂದಕ್ಕೆ ತಿರುಗಿಸಿ. ಆಗ 'ಟಕ್' ಅಂತ ಸೂಜಿ ಬಿದ್ದರೆ ಲಿವರ್ ಕೆಟ್ಟಿದೆ. ರಿಪೇರಿ ಆಗೋತನಕ ಆ ರೈಫಲಿಗೆ ತೋಟಾ ಹಾಕಬೇಡಿ.

ಚುನಾವಣೆ ಕಾಲಕ್ಕೆ ಠಾಣೆಗೆ ಒಪ್ಪಿಸಿ ವಾಪಸು ತಂದಾಗಲೂ ಈ ಪರೀಕ್ಷೆ ಮಾಡಿ. ತಿಂಗಳುಗಟ್ಟಲೆ ಎಣ್ಣೆ ಕಾಣದಿದ್ದರೆ ಸ್ಪ್ರಿಂಗ್ ತುಕ್ಕು ಹಿಡಿದಿರ್ತದೆ.

ಬದಲಾಯಿಸೋದು ಯಾರು?

'ಒಂದು ಸ್ಕ್ರೂ ಬಿಚ್ಚಿದರೆ ಬರ್ತದೆ' ಅಂತಾರೆ. ಬಿಚ್ಚೋದು ಸುಲಭ, ಕೂರಿಸೋದು ಕಷ್ಟ. ಲಿವರ್ ಕಡ್ಡಿ ಮೇಲೆ ಬೀಗದ ತುಂಡು ಹಲವು ಎಳೆಯ ಮರೆಯಲ್ಲಿ ಕೂರ್ತದೆ. ಒಂದೆಳೆ ತಪ್ಪಿದರೂ ಲಿವರ್ ತಿರುಗ್ತದೆ, ಬೀಗ ಬೀಳೋಲ್ಲ. ಹೊಸ ಲಿವರ್ ತಂದರೂ ಆ ರೈಫಲಿಗೆ ತಕ್ಕಂತೆ ಅಳತೆಗೆ ತಂದೇ ಕೂರಿಸಬೇಕಾಗಬಹುದು. ಸವೆದ ಅಂಚಿಗೆ ವೆಲ್ಡಿಂಗ್ ಹಾಕಿ ಉಜ್ಜಿಸೋದಂತೂ ಬೇಡವೇ ಬೇಡ.

ಕಾನೂನೂ ಅದನ್ನೇ ಹೇಳ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಕೋವಿ ರಿಪೇರಿ ಮಾಡೋ ಅಂಗಡಿಗೂ ಲೈಸೆನ್ಸ್ ಬೇಕು. ಅಂಥಲ್ಲಿಗೇ ಹೋಗಿ, ನಿಮ್ಮ ಲೈಸೆನ್ಸ್ ಪುಸ್ತಕ ಜೊತೆಗಿರಲಿ, ರಸೀದಿ ತಗೊಳ್ಳಿ. ವಾಪಸು ತರುವ ಮುಂಚೆ ಮೇಲಿನ ಪರೀಕ್ಷೆಯನ್ನು ಅಂಗಡಿಯವರ ಕೈಲೇ ಮಾಡಿಸಿ ನೋಡಿ.

ಲಿವರ್ ಹೊಸದಾದರೂ ಅದನ್ನೇ ನಂಬಿ ತುಂಬಿದ ಕೋವಿ ಮನೆ ಮೂಲೇಲಿ ಇಡಬೇಡಿ. ಮಕ್ಕಳ ಕೈಗೆ ಸೇಫ್ ಯಾವುದು, ಫೈರ್ ಯಾವುದು ಗೊತ್ತಿರೋಲ್ಲ. ಖಾಲಿ ಕೋವಿಗಿಂತ ದೊಡ್ಡ ಸೇಫ್ಟಿ ಇಲ್ಲ.